ದಾಟದೆ ಉಳಿದದ್ದು

ಈ ಸಲದ ನಾಗರ ಪಂಚಮಿಗೆ ಕಾರಟಗಿ ಹತ್ತಿರದ ನನ್ನ ತವರೂರಿಗೆ ಹೋದಾಗ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳು ತನ್ನ ವಿಜ್ಞಾನದ ಪ್ರಯೋಗ ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ರಜೆ ಮುಗಿಸಿ ಬಳ್ಳಾರಿಗೆ ಮರಳಿದ ದಿನವೇ ಅದನ್ನು ಶಾಲೆಯಲ್ಲಿ ಒಪ್ಪಿಸಬೇಕಿತ್ತು. ಅವ್ವ ಒಳಗೆ ಶೇಂಗಾದುಂಡೆ ಕಟ್ಟುತ್ತಿದ್ದಳು; ಮಗಳು ಪಡಸಾಲೆಯಲ್ಲಿ ಹೊಟ್ಟೆ ಕೆಳಗಾಗಿ ಮಲಗಿ ಬರೆಯುತ್ತಿದ್ದಳು. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ, ಉಬ್ಬಿದ ದ್ರಾಕ್ಷಿಯನ್ನು ಗಟ್ಟಿ ಸಕ್ಕರೆ ಪಾಕದಲ್ಲಿಟ್ಟರೆ ಮತ್ತೆ ಮುದುಡುತ್ತದೆ ಎಂಬ ಪಾಠ. ಉದ್ದೇಶ, ಬೇಕಾಗುವ ಸಾಮಗ್ರಿಗಳು, ವಿಧಾನ, ವೀಕ್ಷಣೆ, ತೀರ್ಮಾನ ಎಂಬ ಐದು ಶೀರ್ಷಿಕೆಗಳು ಕೆಂಪು ಶಾಯಿಯಲ್ಲಿದ್ದವು. ‘ನೀನೇ ಮಾಡಿ ನೋಡಿದೆಯಾ?’ ಎಂದು ಕೇಳಿದೆ. ‘ಮಿಸ್ ಕ್ಲಾಸಲ್ಲಿ ತೋರಿಸಿದ್ರಮ್ಮ, ಪುಸ್ತಕದಲ್ಲಿ ಇದ್ದ ಹಾಗೇ ಬಂತು’ ಎಂದಳು. ಅವಳ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದೇ ಮನೆಯ ಅದೇ ಪಡಸಾಲೆಯಲ್ಲಿ ಕುಳಿತು, ಅದೇ ಐದು ಶೀರ್ಷಿಕೆಗಳ ಕೆಳಗೆ ನಾನು ಬರೆದಿದ್ದ ಒಂದು ಪ್ರಯೋಗ ನೆನಪಾಗಿ, ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಆ ಪ್ರಯೋಗದಲ್ಲಿ ನಾನು ಬರೆಯದೆ ಬಿಟ್ಟ ಎರಡು ಸಂಗತಿಗಳಿದ್ದವು. ಅಪ್ಪನ ಗದ್ದೆಯ ಕೆಳಗಿನ ಮಡಿ ಯಾಕೆ ಹಾಳಾಯಿತು ಎಂಬುದು ಆ ಎರಡರಲ್ಲೇ ಇತ್ತೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಗಂಜಿಯ ಚೀಲ

ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ನಾನು ಒಂಬತ್ತನೆಯ ತರಗತಿಗೆ ಬಂದದ್ದು ಅದರ ಮರುವರ್ಷ. ಪ್ರಯೋಗ ಪುಸ್ತಕದ ಮೊದಲ ಪುಟದ ಮೇಲೆ ಬಿದ್ದ ಮೊಹರಿನಲ್ಲಿ ಇನ್ನೂ ರಾಯಚೂರು ಜಿಲ್ಲೆಯೆಂದೇ ಇತ್ತು. ಶಾಲೆಯಲ್ಲಿ ಪ್ರಯೋಗಾಲಯವೆಂಬ ಬೇರೆ ಕೋಣೆ ಇರಲಿಲ್ಲ. ಒಂದು ಬೀರುವಿನಲ್ಲಿ ಐದಾರು ಬೀಕರುಗಳು, ಒಂದು ಸ್ಪಿರಿಟ್ ದೀಪ, ಕೆಲವು ಪ್ರನಾಳಗಳು ಇದ್ದವು. ವಿಜ್ಞಾನದ ಸರ್ ಹಿಂದಿನ ದಿನವೇ, ಮನೆಯಲ್ಲಿ ಅನ್ನ ಬಸಿದ ಗಂಜಿಯನ್ನು ತರಬೇಕೆಂದು ಹೇಳಿದ್ದರು. ಭತ್ತ ಬೆಳೆಯುವ ಊರಿನಲ್ಲಿ ಗಂಜಿಗೇನು ಕೊರತೆ? ಮರುದಿನ ಕೋಣೆಯ ತುಂಬ ಹುಳಿಯಾಗತೊಡಗಿದ ಗಂಜಿಯ ವಾಸನೆ ಇತ್ತು. ಕಿರಾಣಿ ಅಂಗಡಿಯಲ್ಲಿ ಜೀರಿಗೆ ಕಟ್ಟಿಕೊಡುವ ತೆಳ್ಳನೆಯ ಪ್ಲಾಸ್ಟಿಕ್ ಚೀಲದಲ್ಲಿ ಆ ಗಂಜಿಯನ್ನು ತುಂಬಿ, ಬಾಯಿಯನ್ನು ದಾರದಿಂದ ಬಿಗಿದು, ಹೊರಮೈಯನ್ನು ತೊಳೆದು, ಟಿಂಚರ್ ಅಯೋಡಿನ್ ಹನಿಗಳನ್ನು ಬೆರೆಸಿದ ಕಂದು ನೀರಿನ ಬೀಕರಿನಲ್ಲಿ ಮುಳುಗಿಸಿಡುವುದು ಪ್ರಯೋಗ. ಗಂಜಿಯಲ್ಲಿರುವ ಪಿಷ್ಟಕ್ಕೆ ಅಯೋಡಿನ್ ತಾಗಿದರೆ ಕಡುನೀಲಿ ಬಣ್ಣ ಬರುತ್ತದೆ ಎಂಬುದನ್ನು ನಾವು ಮೊದಲೇ ಕಲಿತಿದ್ದೆವು.

ಅರ್ಧ ಗಂಟೆಯ ಹೊತ್ತಿಗೆ ಪಕ್ಕದ ಬೆಂಚಿನವರ ಚೀಲದ ಒಳಗೆ, ಅಂಚಿನಿಂದ ಆರಂಭವಾಗಿ, ಮಸಿಯಂಥ ನೀಲಿ ಕವಿಯತೊಡಗಿತು. ಹೊರಗಿನ ನೀರು ಕಂದಾಗಿಯೇ ಉಳಿದು ಸ್ವಲ್ಪ ಸ್ವಲ್ಪವೇ ತಿಳಿಯಾಗುತ್ತಿತ್ತು. ಸರ್ ವಿವರಿಸಿದರು: ಅಯೋಡಿನ್ ಅಣು ಸಣ್ಣದು, ಅದು ಪೊರೆಯನ್ನು ದಾಟಿ ಒಳಗೆ ಹೋಗಿದೆ, ಪಿಷ್ಟದ ಅಣು ಬಹಳ ದೊಡ್ಡದು, ಅದು ಹೊರಗೆ ಬರಲಾರದು, ಕೆಲವನ್ನು ಬಿಟ್ಟು ಕೆಲವನ್ನು ತಡೆಯುವ ಇಂಥ ಪೊರೆಗೆ ಅರೆಪ್ರವೇಶ್ಯ ಪೊರೆ ಎನ್ನುತ್ತಾರೆ, ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಣುಗಳು ಹರಡುವುದು ವಿಸರಣೆ, ಇಂಥ ಪೊರೆಯ ಮೂಲಕ ನೀರು ಸಾರ ಕಡಿಮೆ ಇರುವ ಕಡೆಯಿಂದ ಸಾರ ಹೆಚ್ಚಿರುವ ಕಡೆಗೆ ಸಾಗುವುದು ಅಭಿಸರಣೆ.

ನಮ್ಮ ಬೆಂಚಿನಲ್ಲಿ ಬೇರೆಯದೇ ನಡೆಯಿತು. ಚೀಲದ ಒಂದು ಮೂಲೆಯಿಂದ, ಅಂಟಿಸಿದ ಅಂಚು ಸರಿಯಾಗಿ ಕೂಡದಿದ್ದ ಕಡೆಯಿಂದ, ನೀಲಿ ಎಳೆಯೊಂದು ಹೊರಗಿನ ನೀರಿಗೆ ಇಳಿಯುತ್ತಿತ್ತು. ಊದುಬತ್ತಿಯ ಹೊಗೆ ಮೇಲೇಳುವ ಹಾಗೆ, ಆದರೆ ತಲೆಕೆಳಗಾಗಿ, ಅದು ಬೀಕರಿನ ತಳಕ್ಕೆ ಸುರುಳಿ ಸುರುಳಿಯಾಗಿ ಇಳಿದು ಹರಡಿಕೊಂಡಿತು. ನಾವು ಐವರು ಹುಡುಗಿಯರು ಅದನ್ನು ಬೆರಗಿನಿಂದ ನೋಡುತ್ತಿದ್ದೆವು. ಪುಸ್ತಕದ ಚಿತ್ರಕ್ಕಿಂತ ಅದು ಚೆಂದವಿತ್ತು. ಸರ್ ಬಂದು ನೋಡಿ, ‘ನಿಮ್ಮ ಚೀಲ ಸೋರೇತಿ, ಬಾಜೂ ಬೆಂಚಿನವರದ್ದು ನೋಡಿ ಬರಕೊಳ್ರಿ’ ಎಂದರು. ನಲವತ್ತು ನಿಮಿಷದ ತರಗತಿಯಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳನ್ನು ನಿಭಾಯಿಸಬೇಕಾದವರು ಬೇರೇನು ಹೇಳಲು ಸಾಧ್ಯವಿತ್ತು? ನಾನು ವೀಕ್ಷಣೆಯ ಜಾಗದಲ್ಲಿ ‘ಹೊರಗಿನ ದ್ರಾವಣದ ಬಣ್ಣ ನೀಲಿಯಾಗಲಿಲ್ಲ’ ಎಂದು ಬರೆದೆ. ಕೆಳಗೆ ಕೆಂಪು ಗುರುತಿನೊಡನೆ ಪೂರ್ಣ ಅಂಕಗಳು ಬಂದವು.

ಆ ಪುಟದಲ್ಲಿ ದಾಟಿದ್ದೇನೆಂಬುದು ಇತ್ತು. ದಾಟದೆ ಉಳಿದದ್ದು ಏನು ಮಾಡಿತೆಂಬುದು ಇರಲಿಲ್ಲ; ದಾಟಬಾರದ್ದು ಎಲ್ಲಿ ಸೋರಿತೆಂಬುದೂ ಇರಲಿಲ್ಲ. ಈಗ ಯೋಚಿಸಿದರೆ, ‘ಎರಡೂ ಕಡೆ ಸಮನಾಗುವವರೆಗೆ ಅಣುಗಳು ಹರಡುತ್ತವೆ’ ಎಂದು ನಾವು ಬಾಯಿಪಾಠ ಮಾಡಿದ ಮಾತು ನಮ್ಮ ಕಣ್ಣೆದುರಿನ ಬೀಕರಿನಲ್ಲೇ ಪೂರ್ತಿ ನಿಜವಾಗಿರಲಿಲ್ಲ. ಒಳಗೆ ಹೋದ ಅಯೋಡಿನ್ ಪಿಷ್ಟದೊಂದಿಗೆ ಸೇರಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಒಳಗಿನ ನೀರಿನಲ್ಲಿ ಬಿಡಿಯಾಗಿ ಉಳಿಯುವ ಅಯೋಡಿನ್ ಕಡಿಮೆಯೇ ಇರುತ್ತದೆ, ಹೊರಗಿನದು ಬರುತ್ತಲೇ ಇರುತ್ತದೆ. ಹೊರಗಿನ ನೀರು ತಿಳಿಯಾದದ್ದು ಅದಕ್ಕೆ. ದಾಟಬಲ್ಲ ಅಯೋಡಿನ್ ಕೊನೆಗೆ ಎಲ್ಲಿ ಹೋಗಿ ಸೇರಬೇಕೆಂಬುದನ್ನು ದಾಟಲಾರದ ಗಂಜಿಯೇ ನಿರ್ಧರಿಸಿತ್ತು.

ಕೆಳಗಿನ ಮಡಿ

ಅದೇ ವರ್ಷದ ಬೇಸಿಗೆ ಬೆಳೆ. ಫೆಬ್ರವರಿ ತಿಂಗಳಿರಬೇಕು, ನಾಟಿಯಾಗಿ ಹದಿನೈದು ದಿನಗಳಾಗಿದ್ದವು. ಭಾನುವಾರ ಅಪ್ಪನಿಗೆ ಬುತ್ತಿ ಕೊಟ್ಟು ಬರಲು ಗದ್ದೆಗೆ ಹೋಗಿದ್ದೆ. ನಮ್ಮದು ನಾಲ್ಕು ಎಕರೆ, ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆಗೆ ಸುಮಾರು 227 ಕಿಲೋಮೀಟರ್ ಸಾಗುವ ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕೆಳಗೆ. ಕಾಲುವೆಯ ಕೊನೆ ಭಾಗದವರಿಗೆ ನೀರು ಬರುವುದೇ ದೊಡ್ಡ ಮಾತು. ನಮ್ಮಂಥ ಮೇಲಿನ ಭಾಗದವರ ತಗ್ಗು ಜಮೀನುಗಳಲ್ಲಿ ನೀರು ಬಸಿದು ಹೋಗದಿರುವುದೇ ಕಷ್ಟ. ನಮ್ಮ ಗದ್ದೆಯ ಕೆಳಗಿನ ಮಡಿ ಹಳ್ಳದ ಕಡೆಗೆ ತಗ್ಗಾಗಿತ್ತು.

ಅಪ್ಪ ಆ ಮಡಿಯ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಪಾದ ಮುಳುಗುವಷ್ಟು ನೀರು ನಿಂತಿತ್ತು. ಮೇಲಿನ ಮಡಿಗಳಲ್ಲಿ ಸಸಿ ಹಸಿರೇರಿ ತೆಂಡೆ ಒಡೆಯುತ್ತಿದ್ದರೆ ಇಲ್ಲಿ ಅಲ್ಲಲ್ಲಿ ಬೋಳು ಬಿದ್ದಿತ್ತು. ಉಳಿದ ಸಸಿಗಳ ಎಲೆಗಳು ಸುರುಳಿ ಸುತ್ತಿಕೊಂಡಿದ್ದವು, ತುದಿಗಳು ಸುಣ್ಣ ಹಚ್ಚಿದ ಹಾಗೆ ಬೆಳ್ಳಗಾಗಿ ಒಣಗಿದ್ದವು. ಬದುವಿನ ಇಳಿಜಾರಿನಲ್ಲಿ, ನೀರಿನ ಗೆರೆಗಿಂತ ತುಸು ಮೇಲೆ, ಬಿಳಿಯ ಪದರವಿತ್ತು. ಅಪ್ಪ ಒಂದು ಸಸಿಯನ್ನು ಕಿತ್ತು, ಬೇರು ತೊಳೆದು, ನನ್ನ ಕೈಗಿಟ್ಟು ಹೇಳಿದ: ‘ನೀರಾಗ ನಿಂತು ನೀರಡಿಸಿ ಸಾಯಾಕತ್ತೈತಿ ನೋಡವ್ವಾ. ನಿಮ್ಮ ಸಾಲ್ಯಾಗ ಇದರ ಬಗ್ಗೆ ಏನರ ಹೇಳ್ಯಾರೇನು?’

ನಾನು ಆ ಸಸಿಯನ್ನು ಹಿಡಿದು ನಿಂತಿದ್ದೆ. ‘ಇಲ್ಲಪ್ಪ’ ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹೇಳಿಕೊಟ್ಟಿದ್ದಾರೆ ಎಂಬುದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಭಿಸರಣೆಯ ವ್ಯಾಖ್ಯೆಯನ್ನು ಒಂದಕ್ಷರ ತಪ್ಪದೆ ಬರೆದು ಅಂಕ ಪಡೆದಿದ್ದ ಹುಡುಗಿಗೆ, ಬೇರು ಒಂದು ಪೊರೆಯೆಂದು, ಗದ್ದೆಯ ನೀರು ಬೀಕರಿನ ಹೊರಗಿನ ದ್ರಾವಣವೆಂದು, ಬದುವಿನ ಮೇಲಿನ ಬಿಳಿಪು ಆ ದ್ರಾವಣದಲ್ಲಿರುವ ಉಪ್ಪೆಂದು ಹೊಳೆಯಲಿಲ್ಲ. ಅಪ್ಪನ ಮಾತಿಗಿಂತ ಚೆನ್ನಾಗಿ ಅಭಿಸರಣೆಯ ಕಷ್ಟವನ್ನು ಹೇಳಿದ ವಾಕ್ಯವನ್ನು ನಾನು ಇಂದಿನವರೆಗೂ ಯಾವ ಪಠ್ಯಪುಸ್ತಕದಲ್ಲಿಯೂ ಓದಿಲ್ಲ. ‘ನೀರಾಗ ನಿಂತು ನೀರಡಿಸಿ’ ಎಂಬಲ್ಲಿಯೇ ಪ್ರಶ್ನೆಯೂ ಇತ್ತು, ಅರ್ಧ ಉತ್ತರವೂ ಇತ್ತು.

ಸಸಿ ಸೇದುವ ಬಾವಿ

ಅಭಿಸರಣೆಯನ್ನು ಮೊದಲು ಕಂಡವರು ಗಿಡಗಳನ್ನು ನೋಡುತ್ತಿರಲಿಲ್ಲ. ಫ್ರಾನ್ಸಿನ ವಿಜ್ಞಾನಿ ನೊಲೆ 1748ರಲ್ಲಿ ಮದ್ಯಸಾರ ತುಂಬಿದ ಸೀಸೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಕಟ್ಟಿ ನೀರಿನಲ್ಲಿಟ್ಟಾಗ, ನೀರು ಒಳಗೆ ನುಗ್ಗಿ ಪೊರೆ ಉಬ್ಬಿ ನಿಂತಿತ್ತು. ಎಷ್ಟು ಬಲದಿಂದ ನೀರು ನುಗ್ಗುತ್ತದೆ ಎಂಬುದನ್ನು ಸರಿಯಾಗಿ ಅಳೆದವರು ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಫೆಫರ್. 1877ರಲ್ಲಿ ಪ್ರಕಟವಾದ ಅವರ ಅಳತೆಗಳಲ್ಲಿ, ಶೇ. 1ರ ಸಕ್ಕರೆ ದ್ರಾವಣ ಸುಮಾರು 535 ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿದಿತ್ತು. ಇದನ್ನು ನಮ್ಮ ಮನೆಯ ಲೆಕ್ಕಕ್ಕೆ ತಂದು ನೋಡಿ ನಾನು ದಂಗಾಗಿದ್ದೇನೆ. ಲೀಟರ್ ನೀರಿಗೆ ಎರಡು ಚಹಾ ಚಮಚ ಸಕ್ಕರೆ, ಅಷ್ಟೇ. ನೀರನ್ನು ಮಾತ್ರ ಬಿಡುವ ಒಳ್ಳೆಯ ಪೊರೆಯೊಂದಿದ್ದರೆ ಆ ಎರಡು ಚಮಚ ಸಕ್ಕರೆ ಏಳು ಮೀಟರಿಗಿಂತ ಎತ್ತರದ ನೀರಿನ ಕಂಬದ ಭಾರವನ್ನು ತಡೆದು ನಿಲ್ಲಬಲ್ಲದು. ಫೆಫರ್ ಅವರ ಅಂಕಿಗಳನ್ನು ಮುಂದಿಟ್ಟುಕೊಂಡೇ ನೆದರ್ಲೆಂಡ್ಸಿನ ರಸಾಯನವಿಜ್ಞಾನಿ ವಾಂಟ್ ಹಾಫ್ ಈ ಒತ್ತಡದ ನಿಯಮವನ್ನು ಕಟ್ಟಿದರು. 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಬಹುಮಾನ ಬಂದದ್ದು ಅವರಿಗೆ.

ಇನ್ನು ಉಪ್ಪಿನ ಲೆಕ್ಕ. ಮಣ್ಣಿನಲ್ಲಿ ಕರಗಿದ ಉಪ್ಪನ್ನು, ಆ ಮಣ್ಣನ್ನು ನೀರಿನಲ್ಲಿ ನೆನೆಸಿ ಬಸಿದ ದ್ರವದ ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ; ಅದರ ಮಾನ ಡೆಸಿಸೀಮನ್ಸ್. ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಉಪ್ಪಿನ ಮಣ್ಣು ಎಂಬುದು ರೂಢಿಯ ಗೆರೆ. ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಉಪ್ಪು ಎಂದು ಇಟ್ಟುಕೊಳ್ಳಬಹುದು, ಅಂದರೆ ಅರ್ಧ ಚಮಚ. ನಾಲಿಗೆಗೆ ತೀರ ಉಪ್ಪೆನಿಸದ ಆ ನೀರಿನ ಅಭಿಸರಣ ಒತ್ತಡ ಸುಮಾರು 1.4 ಬಾರ್, ಎಂದರೆ ಹದಿನಾಲ್ಕು ಮೀಟರಿಗೂ ಹೆಚ್ಚು ಎತ್ತರದ ನೀರಿನ ಕಂಬಕ್ಕೆ ಸಮ. ಸಸಿಯ ಬೇರಿನ ಬುಡದಲ್ಲಿಯೇ ನೀರಿದ್ದರೂ, ಅದು ಹದಿನಾಲ್ಕು ಮೀಟರ್ ಆಳದ ಬಾವಿಯಿಂದ ಪ್ರತಿ ಹನಿಯನ್ನೂ ಸೇದಿಕೊಳ್ಳಬೇಕಾದ ಸ್ಥಿತಿ ಅದು. ಗದ್ದೆ ಆರಿ ನೀರು ಅರ್ಧಕ್ಕಿಳಿದರೆ ಉಪ್ಪು ಮಾತ್ರ ಅಷ್ಟೇ ಉಳಿದು, ಬಾವಿಯ ಆಳ ಇಮ್ಮಡಿಯಾಗುತ್ತದೆ. ಹತ್ತಿ ಮೀಟರಿಗೆ 7.7 ಡೆಸಿಸೀಮನ್ಸ್‌ವರೆಗೆ ಇಳುವರಿ ಕಳೆದುಕೊಳ್ಳದೆ ತಡೆಯುತ್ತದೆ. ಭತ್ತಕ್ಕೆ ಆ ಮಿತಿ ಕೇವಲ 3. ಅಲ್ಲಿಂದ ಮುಂದೆ ಪ್ರತಿ ಒಂದು ಅಂಕ ಏರಿದಾಗಲೂ ಇಳುವರಿ ಸುಮಾರು ಶೇ. 12ರಷ್ಟು ಕುಸಿಯುತ್ತದೆ. ಅದರಲ್ಲೂ ಭತ್ತ ಮೊಳಕೆಯಲ್ಲಿ ಉಪ್ಪನ್ನು ಸಹಿಸಿಕೊಂಡೀತು, ನಾಟಿಯಾದ ಎಳೆಯ ಸಸಿಯಾಗಿದ್ದಾಗ ಮತ್ತು ಹೂ ತೆಗೆಯುವಾಗ ಸಹಿಸದು. ಅಪ್ಪ ನನಗೆ ಸಸಿ ಕಿತ್ತುಕೊಟ್ಟದ್ದು ನಾಟಿಯಾದ ಹದಿನೈದನೆಯ ದಿನ.

ಉಪ್ಪು ಎಲ್ಲಿಂದ ಬಂತು

ಕಾಲುವೆಯ ನೀರು ಸಿಹಿ ನೀರು. ನಾವು ಚಿಕ್ಕವರಿದ್ದಾಗ ಅದನ್ನೇ ಬೊಗಸೆಯಲ್ಲಿ ಕುಡಿಯುತ್ತಿದ್ದೆವು. ಸಿಹಿ ನೀರು ಹಾಯಿಸಿದ ನೆಲ ಉಪ್ಪಾಗುವುದು ಹೇಗೆ ಎಂಬುದು ನನ್ನನ್ನು ಬಹುಕಾಲ ಕಾಡಿತು, ಮತ್ತು ಉತ್ತರ ಗಂಜಿಯ ಚೀಲದಲ್ಲಿತ್ತು. ಸಿಹಿ ನೀರಿನಲ್ಲಿಯೂ ಅಷ್ಟಿಷ್ಟು ಲವಣ ಇದ್ದೇ ಇರುತ್ತದೆ. ಲೀಟರಿಗೆ 200 ಮಿಲಿಗ್ರಾಂ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಕುಡಿಯಲು ಅದು ಸೊಗಸಾದ ನೀರು. ಒಂದು ಬೆಳೆ ಭತ್ತಕ್ಕೆ 1200 ಮಿಲಿಮೀಟರ್ ನೀರು ನಿಲ್ಲಿಸಿದರೆ ಒಂದು ಎಕರೆಗೆ ಸುಮಾರು 48 ಲಕ್ಷ ಲೀಟರ್ ಆಗುತ್ತದೆ. ಅದರೊಡನೆ ಬರುವ ಲವಣ ಹತ್ತು ಕ್ವಿಂಟಲ್‌ನ ಆಸುಪಾಸು. ನೀರನ್ನು ಬಿಸಿಲು ಆವಿಮಾಡಿ ಒಯ್ಯುತ್ತದೆ, ಬೇರು ಹೀರಿ ಎಲೆಯ ಮೂಲಕ ಗಾಳಿಗೆ ಬಿಡುತ್ತದೆ. ಬೇರಿನ ಪೊರೆ ಲವಣವನ್ನು ಬಹುಮಟ್ಟಿಗೆ ಹೊರಗೇ ನಿಲ್ಲಿಸುತ್ತದೆ, ಬಿಸಿಲಂತೂ ಅದನ್ನು ಮುಟ್ಟುವುದೇ ಇಲ್ಲ. ಹರಿದು ಹೋಗಲು ದಾರಿಯಿದ್ದರೆ ಆ ಲವಣ ಬಸಿದು ಹೋಗುತ್ತದೆ. ನಮ್ಮ ಎರೆ ಭೂಮಿಯಲ್ಲಿ ನೀರು ಕೆಳಕ್ಕೆ ಇಂಗುವುದು ಬಹಳ ನಿಧಾನ. ವರ್ಷಕ್ಕೆ ಎರಡು ಬೆಳೆ ನೀರು ನಿಂತಾಗ ನೆಲದಡಿಯ ನೀರಿನ ಮಟ್ಟ ಮೇಲೇರಿ, ಮೊದಲೇ ಆಳದಲ್ಲಿದ್ದ ಲವಣವನ್ನೂ ಕರಗಿಸಿಕೊಂಡು, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಮಣ್ಣಿನ ಸಣ್ಣ ಸಂದುಗಳಲ್ಲಿ ಮೇಲಕ್ಕೆ ಬಂದು, ತಾನು ಆವಿಯಾಗಿ, ಲವಣವನ್ನು ನೆಲದ ಮೇಲೆ ಬಿಟ್ಟು ಹೋಗುತ್ತದೆ. ನಮ್ಮ ಕಡೆ ಇದಕ್ಕೆ ಸವಳು ಎನ್ನುತ್ತಾರೆ. ನೀರು ನಿಂತು ಕೆಟ್ಟದ್ದಕ್ಕೆ ಜವಳು. ಎರಡೂ ಜೊತೆಯಾಗಿಯೇ ಬರುವುದರಿಂದ ಸವಳು-ಜವಳು ಎಂಬ ಜೋಡುಪದವೇ ಬಳಕೆಯಲ್ಲಿದೆ, ಮತ್ತು ಈ ಜೋಡುಪದದಲ್ಲಿ ಇಡೀ ಕಾರಣ ಅಡಗಿದೆ ಎಂದು ನನಗೆ ಅನಿಸುತ್ತದೆ.

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಈ ಭಾಗದ ಕಾಲುವೆಗಳನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ. ಭತ್ತ ಬೆಳೆದದ್ದಕ್ಕೆ ನಮ್ಮ ಹಿರಿಯರನ್ನು ದೂರಲು ನನ್ನಿಂದಾಗದು. ಆ ಭತ್ತದಿಂದಲೇ ನಾನು ಓದಿದೆ, ಅಕ್ಕನ ಮದುವೆಯಾಯಿತು, ಹೆಂಚಿನ ಮನೆಗೆ ಆರ್‌ಸಿಸಿ ಬಿತ್ತು. ಆದರೆ ಉಳಿದುಕೊಂಡ ಉಪ್ಪಿನ ಲೆಕ್ಕವನ್ನು ಯಾರೂ ಯಾವ ಪುಸ್ತಕದಲ್ಲಿಯೂ ಬರೆದಿಡಲಿಲ್ಲ ಎಂಬ ಸಂಕಟ ನನ್ನದು.

ಅಪ್ಪ ಸುಮ್ಮನಿರಲಿಲ್ಲ. ಪಕ್ಕದ ಕ್ಯಾಂಪಿನ ರೈತರೊಬ್ಬರ ಮಾತು ಕೇಳಿ ಒಂದು ವರ್ಷ ಟ್ರ್ಯಾಕ್ಟರಿನಲ್ಲಿ ಜಿಪ್ಸಮ್ ತರಿಸಿ ಕೆಳಗಿನ ಮಡಿಗೆ ಚೆಲ್ಲಿದ. ಅವರ ಹೊಲದಲ್ಲಿ ಅದು ಕೆಲಸ ಮಾಡಿತ್ತು, ನಮ್ಮದರಲ್ಲಿ ಮಾಡಲಿಲ್ಲ. ಸೋಡಿಯಂ ಮಣ್ಣಿನ ಕಣಗಳಿಗೇ ಅಂಟಿಕೊಂಡು ಕ್ಷಾರವಾದ ನೆಲವೇ ಬೇರೆ, ಕರಗುವ ಉಪ್ಪು ಮಣ್ಣಿನ ನೀರಿನಲ್ಲಿ ತುಂಬಿಕೊಂಡ ನೆಲವೇ ಬೇರೆ. ಜಿಪ್ಸಮ್ಮಿನ ಕ್ಯಾಲ್ಸಿಯಂ ಮೊದಲಿನದರಲ್ಲಿ ಸೋಡಿಯಮ್ಮನ್ನು ಅದರ ಜಾಗದಿಂದ ಬಿಡಿಸುತ್ತದೆ. ಎರಡನೆಯದಕ್ಕೆ ಬೇಕಾದದ್ದು ಉಪ್ಪನ್ನು ತೊಳೆಯುವ ಸಿಹಿ ನೀರು, ತೊಳೆದ ನೀರು ಹೊರಗೆ ಹೋಗಲು ಬಸಿಗಾಲುವೆ. ಬಿಡಿಸಿದ ಸೋಡಿಯಂ ಸಹ ಬಸಿದು ಹೋಗಬೇಕಾದ್ದರಿಂದ ಮೊದಲಿನದಕ್ಕೂ ಕೊನೆಗೆ ಬಸಿಗಾಲುವೆ ಬೇಕೇ ಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಮಣ್ಣಿನ ಮೇಲೆಯೇ ಕೆಲಸ ಮಾಡುತ್ತ ಬಂದಿದೆ. ಸುಮಾರು ಒಂದು ಮೀಟರ್ ಆಳದಲ್ಲಿ ರಂಧ್ರಗಳಿರುವ ಪೈಪುಗಳನ್ನು ಹೂತು, ಉಪ್ಪು ನೀರನ್ನು ನೆಲದೊಳಗಿಂದಲೇ ಬಸಿದು ಹೊರಹಾಕುವ ವಿಧಾನ ಈ ಭಾಗದಲ್ಲಿ ಪರಿಚಿತವಾಗಿದೆ. ನಮ್ಮ ಕೆಳಗಿನ ಮಡಿಯೊಂದಕ್ಕಾಗಿ ಅದನ್ನು ಮಾಡಿಸಲು ಆಗಲಿಲ್ಲ, ಯಾಕೆಂದರೆ ನಮ್ಮ ಪೈಪಿನ ನೀರು ಹಳ್ಳ ಸೇರಬೇಕಾದರೆ ಇನ್ನಿಬ್ಬರ ಹೊಲ ದಾಟಬೇಕು.

ಸೋರಿದ ಮೂಲೆ

ಎಲೆಯ ತುದಿ ಬೆಳ್ಳಗಾದದ್ದಕ್ಕೆ ಬಾಯಾರಿಕೆಯೊಂದೇ ಕಾರಣವಾಗಿರಲಿಲ್ಲ. ಬೇರಿನ ಒಳಗೆ, ನೀರು ಸಾಗಿಸುವ ನಾಳಗಳ ಸುತ್ತ, ಮೇಣದಂಥ ವಸ್ತುವಿನಿಂದ ಬೆಸೆದ ಜೀವಕೋಶಗಳ ಒಂದು ಸುತ್ತುಗೋಡೆಯಿದೆ. ಸಂದಿಗಳಲ್ಲಿ ನುಸುಳಿ ಬಂದ ನೀರನ್ನು ತಡೆದು, ಜೀವಕೋಶದ ಪೊರೆಯನ್ನು ದಾಟಿಯೇ ಒಳಗೆ ಹೋಗುವಂತೆ ಮಾಡುವುದು ಅದರ ಕೆಲಸ. ಹಾಗೆ ದಾಟುವಾಗಲೇ ಉಪ್ಪು ಹೊರಗೆ ಉಳಿಯುತ್ತದೆ. ಭತ್ತದ ಬೇರಿನಲ್ಲಿ ಈ ಬೆಸುಗೆ ಎಲ್ಲ ಕಡೆ ಪೂರ್ಣವಾಗಿರುವುದಿಲ್ಲ. ಬೇರು ಹೊಸ ಕವಲೊಡೆಯುವ ಕಡೆ, ಎಳೆಯ ತುದಿಗಳಲ್ಲಿ, ಸಣ್ಣ ಸಂದುಗಳು ಉಳಿಯುತ್ತವೆ. ಅಲ್ಲಿಂದ ಸೋಡಿಯಂ ಪೊರೆಯನ್ನೇ ದಾಟದೆ, ಬದಿಯಿಂದ ನುಸುಳಿ, ನೀರಿನ ಜೊತೆ ಮೇಲಕ್ಕೇರುತ್ತದೆ. ಎಲೆಯಿಂದ ನೀರು ಆವಿಯಾಗಿ ಹೋದಾಗ ಸೋಡಿಯಂ ಎಲೆಯಲ್ಲಿಯೇ ಉಳಿದು ಕೂಡುತ್ತಾ ಹೋಗುತ್ತದೆ. ಹಳೆಯ ಎಲೆಗಳ ತುದಿ ಮೊದಲು ಒಣಗುವುದು ಅದರಿಂದ.

ಇದನ್ನು ಓದಿದ ದಿನ ನನಗೆ ನೆನಪಾದದ್ದು ಚೀಲದ ಮೂಲೆಯಿಂದ ಇಳಿಯುತ್ತಿದ್ದ ಆ ನೀಲಿ ಎಳೆ. ಅಂಟು ಕೂಡದ ಅಂಚಿನಿಂದ ಸೋರಿದ್ದನ್ನು ನಾವು ಐವರೂ ಕಣ್ಣಾರೆ ಕಂಡಿದ್ದೆವು. ಅಂದು ಸರಿಯಾಗಿ ನಡೆದ ಪಕ್ಕದ ಬೆಂಚಿನ ಪ್ರಯೋಗಕ್ಕಿಂತ, ಕೆಟ್ಟುಹೋಯಿತೆಂದು ಬಿಟ್ಟ ನಮ್ಮ ಪ್ರಯೋಗವೇ ಭತ್ತದ ಬೇರಿಗೆ ಹೆಚ್ಚು ಹತ್ತಿರವಿತ್ತು. ‘ಚೀಲದ ಮೂಲೆಯಿಂದ ಪಿಷ್ಟ ಹೊರಬಂದು ಹೊರಗಿನ ನೀರೂ ನೀಲಿಯಾಯಿತು’ ಎಂದು ಕಂಡದ್ದನ್ನೇ ಬರೆದಿದ್ದರೆ ಅಂಕ ಹೋಗುತ್ತಿತ್ತೋ ಏನೋ, ಆದರೆ ಫೆಬ್ರವರಿಯಲ್ಲಿ ಬೆಳ್ಳನೆಯ ಎಲೆತುದಿಯನ್ನು ಕೈಯಲ್ಲಿ ಹಿಡಿದಾಗ ಕೇಳಲು ನನ್ನ ಬಳಿ ಒಂದು ಪ್ರಶ್ನೆಯಾದರೂ ಇರುತ್ತಿತ್ತು.

ಊರಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕವಿದೆ. ನಾಣ್ಯ ಹಾಕಿದರೆ ಕ್ಯಾನಿಗೆ ನೀರು ಬೀಳುತ್ತದೆ. ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಇದು ದೊಡ್ಡ ಉಪಕಾರವೇ. ಅಲ್ಲಿ ನಡೆಯುವುದೂ ಇದೇ ಅಭಿಸರಣೆ, ತಿರುಗಾ ಮುರುಗಾ: ಉಪ್ಪು ನೀರಿನ ಕಡೆಯಿಂದ ಪಂಪಿನಲ್ಲಿ ಅದರ ಅಭಿಸರಣ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಹಾಕಿ, ನೀರನ್ನು ಪೊರೆಯಾಚೆ ತಳ್ಳುವುದು. 1960ರ ಸುಮಾರಿಗೆ ಅಮೆರಿಕದಲ್ಲಿ ಈ ಕೆಲಸಕ್ಕೆ ಬರುವಂಥ ಪೊರೆಯನ್ನು ಮಾಡಿದ ಇಬ್ಬರಲ್ಲಿ ಒಬ್ಬರು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್. ಘಟಕದ ಮುಂದೆ ಕ್ಯಾನು ಹಿಡಿದು ನಿಂತಾಗಲೆಲ್ಲ ನನ್ನ ಕಣ್ಣು ಅದರ ಹಿಂಬದಿಯ ಇನ್ನೊಂದು ಪೈಪಿಗೆ ಹೋಗುತ್ತದೆ. ಪೊರೆ ತಡೆದ ಲವಣವನ್ನೆಲ್ಲ ಹೊತ್ತ ನೀರು ಅಲ್ಲಿಂದ ಗಟಾರಕ್ಕೆ ಬೀಳುತ್ತದೆ. ಗಟಾರ ಸೇರುವುದು ಹಳ್ಳವನ್ನು, ಹಳ್ಳ ಹರಿಯುವುದು ನಮ್ಮ ಕೆಳಗಿನ ಮಡಿಯ ಪಕ್ಕದಲ್ಲಿ.

ಮೂರು ಗ್ಲಾಸು

ಪಂಚಮಿಯ ಮರುದಿನ ಬೆಳಿಗ್ಗೆ ಮಗಳಿಗೆ ಹೇಳಿದೆ, ದ್ರಾಕ್ಷಿ ಬೇಡ, ಆಲೂಗಡ್ಡೆಯಲ್ಲಿ ಮಾಡೋಣ. ಉಪ್ಪನ್ನು ಅಂಗಡಿಯಿಂದ ತರುವುದೂ ಬೇಡ. ಮಳೆ ನಿಂತು ಎಂಟು ದಿನಗಳಾಗಿದ್ದವು. ಹತ್ತು ವರ್ಷಗಳಿಂದ ಬೀಳು ಬಿದ್ದಿರುವ ಕೆಳಗಿನ ಮಡಿಯ ಬದುವಿನ ಮೇಲೆ ಮತ್ತೆ ಬಿಳಿ ಕಾಣಿಸಿಕೊಂಡಿತ್ತು. ಮೂವರೂ ಹೋದೆವು. ಅಪ್ಪನಿಗೆ ಈಗ ಮೊಣಕಾಲು ನೋವು. ಆದರೂ ತಾನೇ ಕುಡುಗೋಲಿನ ತುದಿಯಿಂದ ಆ ಪದರವನ್ನು ಕೆರೆದು ಮೊಮ್ಮಗಳ ಡಬ್ಬಿಗೆ ಹಾಕಿದ. ಮನೆಗೆ ಬಂದು ಎರಡು ಹಿಡಿ ಸವಳು ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯಾಗಲು ಬಿಟ್ಟು, ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸೋಸಿ ಒಂದು ಗ್ಲಾಸಿಗೆ ತುಂಬಿದೆವು. ಎರಡನೆಯದಕ್ಕೆ ಕಾಲುವೆಯ ನೀರು, ಮೂರನೆಯದಕ್ಕೆ ಘಟಕದ ನೀರು. ಆಲೂಗಡ್ಡೆಯನ್ನು ಬೆರಳುದ್ದದ ತುಂಡುಗಳಾಗಿ ಕತ್ತರಿಸಿ, ಮಗಳು ಸ್ಕೇಲಿನಿಂದ ಅಳೆದು ಎಲ್ಲವನ್ನೂ ಐದು ಸೆಂಟಿಮೀಟರಿಗೆ ಸಮಮಾಡಿ, ಗ್ಲಾಸಿಗೆ ಮೂರರಂತೆ ಇಳಿಬಿಟ್ಟಳು. ಬೇರು ಗದ್ದೆಯಲ್ಲಿ ಎದುರಿಸುವುದಕ್ಕಿಂತ ನಮ್ಮ ಗ್ಲಾಸಿನ ಉಪ್ಪು ಬಹಳ ಹೆಚ್ಚಿತ್ತು ಎಂಬುದನ್ನೂ ಪುಸ್ತಕದಲ್ಲಿ ಬರೆಯಿಸಿದೆ.

ಮಧ್ಯಾಹ್ನ ಊಟದ ನಂತರ ತೆಗೆದು ನೋಡಿದೆವು. ಘಟಕದ ನೀರಿನವು, ಕಾಲುವೆ ನೀರಿನವು ಗಟ್ಟಿಯಾಗಿ ನೆಟ್ಟಗಿದ್ದವು. ಅಳೆದರೆ ಒಂದೆರಡು ಮಿಲಿಮೀಟರ್ ಬೆಳೆದಿದ್ದವು, ಬಗ್ಗಿಸಿದರೆ ಟಕ್ಕನೆ ಮುರಿಯುತ್ತಿದ್ದವು. ಸವಳು ನೀರಿನವು ಕುಗ್ಗಿ, ಮೆತ್ತಗಾಗಿ, ಬೆರಳಿಗೆ ಸುತ್ತಿದರೂ ಮುರಿಯಲಿಲ್ಲ. ಅಪ್ಪ ಅದರಲ್ಲಿ ಒಂದನ್ನು ತೆಗೆದುಕೊಂಡು ಬಹಳ ಹೊತ್ತು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬಗ್ಗಿಸುತ್ತಾ ಕುಳಿತ. ನಾನು ಇಪ್ಪತ್ತಾರು ವರ್ಷ ತಡವಾಗಿ ಅವನ ಪ್ರಶ್ನೆಗೆ ಉತ್ತರ ಹೇಳಿದೆ: ನೀರು ಹೊರಗೆ ಇದ್ದರೂ ಉಪ್ಪು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಳಗಿದ್ದ ನೀರನ್ನೂ ಎಳೆದುಕೊಳ್ಳುತ್ತದೆ, ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ಬಿಡುವುದಿಲ್ಲ ಎಂದು. ಅವನು ತಲೆಯಾಡಿಸಿದ. ‘ಇದನ್ನ ಈಗ ಕಾಲಿವಿ ನೀರಾಗ ಇಟ್ರ ಮತ್ತ ಬಿಗಿ ಆಗ್ತೈತೇನು?’ ಎಂದು ಕೇಳಿದ. ಮಗಳು ಇಟ್ಟಳು. ಸಂಜೆಯ ಹೊತ್ತಿಗೆ ಅದು ಅರ್ಧಮರ್ಧ ಬಿಗಿಯಾಗಿತ್ತು, ಪೂರ್ತಿ ಮೊದಲಿನಂತೆ ಆಗಲಿಲ್ಲ. ‘ವೀಕ್ಷಣೆ’ಯ ಕೆಳಗೆ ಅವಳು ಅದನ್ನು ಹಾಗೆಯೇ ಬರೆದಳು. ಅದರ ಕೆಳಗೆ, ನಾನು ಹೇಳದೆಯೇ, ಕೆಂಪು ಶಾಯಿಯಲ್ಲಿ ಆರನೆಯ ಶೀರ್ಷಿಕೆಯೊಂದನ್ನು ಹಾಕಿ ‘ಉಳಿದದ್ದು’ ಎಂದು ಬರೆದು, ಮುಂದೆ ಏನು ಬರೆಯಬೇಕೆಂದು ತಿಳಿಯದೆ ಎರಡು ಗೆರೆ ಜಾಗ ಬಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಗ್ಲಾಸುಗಳನ್ನು ತೊಳೆದಿಡಲು ಅವ್ವ ಕೂಗಿದಳು. ಮಗಳು ಘಟಕದ ನೀರನ್ನೂ ಕಾಲುವೆಯ ನೀರನ್ನೂ ಅಂಗಳದ ಕರಿಬೇವಿನ ಬುಡಕ್ಕೆ ಸುರಿದು, ಸವಳು ನೀರಿನ ಗ್ಲಾಸನ್ನೂ ಬಾಗಿಸಲು ಹೊರಟಳು. ‘ಅದನ್ನ ಗಿಡಕ್ಕ ಹಾಕಬ್ಯಾಡವಾ’ ಎಂದ ಅಪ್ಪ ಒಳಗಿನಿಂದಲೇ. ಅವಳು ತುಳಸಿಕಟ್ಟೆಯ ಕಡೆ ನೋಡಿದಳು, ಹಿತ್ತಲಿನ ಬದನೆ ಸಾಲಿನ ಕಡೆ ನೋಡಿದಳು, ಬಾಗಿಲಾಚೆಯ ಗಟಾರದ ಕಡೆ ನೋಡಿದಳು. ‘ಮತ್ತೆ ಎಲ್ಲಿ ಚೆಲ್ಲಲಿ, ಅಜ್ಜ?’ ಎಂದು ಕೇಳಿ, ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳದ ನಡುವೆ ನಿಂತಳು.